ಚೆನ್ನಯ ಸೇಠರ ಕತ್ತಾಳೆ, ಚಂದ್ರವ್ವನ ಉಳ್ಳಾಗಡ್ಡಿ

ಸಾಂತಾಕ್ರೂಜಿನ ಆ ಮೂರು ಮಾಳಿಗೆಯ ಬಿಲ್ಡಿಂಗಿನಲ್ಲಿ ಇನ್ನೂ ಒಂದು ಕಿಟಕಿಯೂ ತೆರೆದಿಲ್ಲ. ಹಿಂದಿನ ತಬೇಲೆಯಲ್ಲಿ ಹಾಲಿನ ಕ್ಯಾನುಗಳ ಸದ್ದು. ಎಲ್ಲಿಗೋ ಹೊರಟ ವಿಮಾನವೊಂದು ತೆಂಗಿನ ತಲೆಗಳನ್ನು ಸವರುವಷ್ಟು ಕೆಳಗೆ ಹಾದು ಸಮುದ್ರದ ಕಡೆ ಹೊರಳುತ್ತದೆ. ಕಾಂಪೌಂಡಿನೊಳಗೆ ಸೀರೆಯ ಕಚ್ಚೆ ಬಿಗಿದ ಹೆಂಗಸೊಬ್ಬರು ಮಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಇಬ್ಬನಿಗೆ ಒದ್ದೆಯಾದ ಉಳ್ಳಾಗಡ್ಡಿ ಗಿಡಗಳ ಕುತ್ತಿಗೆಯನ್ನು ಎರಡು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಾರೆ. ಒಂದರದ್ದು ಗಟ್ಟಿ. ಪಕ್ಕದ್ದು ಮೆತ್ತಗೆ. ಅದರಾಚೆಯದು ತಾನಾಗಿಯೇ ನೆಲಕ್ಕೆ ಮಲಗಿದೆ.

"ಮಲಗಾಕತ್ತಾವ್ರಿ," ಎನ್ನುತ್ತಾರೆ ಅವರು, ಮನೆಯ ಮಕ್ಕಳ ವಿಷಯ ಹೇಳುವವರ ಹಾಗೆ. "ಗಡ್ಡಿ ತುಂಬಿದ ಮ್ಯಾಲ ಎಲಿ ನಿಂದ್ರೂದಿಲ್ಲ. ಇವತ್ತ ಕೀಳೂದ."

ಇವರು ಚಂದ್ರವ್ವ. ಹುಟ್ಟಿದ್ದು ವಿಜಾಪುರದ ಕಡೆ ಒಂದು ಹಳ್ಳಿಯಲ್ಲಿ, ಇರುವುದು ಪರೇಲ್‌ನ ಚಾಳಿನಲ್ಲಿ, ದಿನ ಕಳೆಯುವುದು ಸಾಂತಾಕ್ರೂಜಿನ ಈ ತೋಟದಲ್ಲಿ. ವಯಸ್ಸು ಕೇಳಿದರೆ, "ಯುದ್ಧ ಶುರು ಆದ ವರ್ಷ ನನ್ನ ಮದಿವಿ ಆತ್ರಿ, ಮುಂದಿಂದು ನೀವಽ ಹಿಡೀರಿ," ಎಂದು ನಗುತ್ತಾರೆ. ಹೋದ ದೀಪಾವಳಿಯ ಹೊತ್ತಿಗೆ ವಿಜಾಪುರ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತಲ್ಲ, ಅದರ ಬಗ್ಗೆಯೂ ಅವರ ಮಾತು ಅಷ್ಟೇ ಚುಟುಕು. "ಊರು ಆ ಕಡೆ ಹೋತು. ನಾ ಇಲ್ಲೇ ಉಳದೆ."

ಬೆಳಕು ಹರಿದಂತೆ ತೋಟ ಕಾಣಿಸಿಕೊಳ್ಳುತ್ತದೆ. ನಡುವೆ ಸುಣ್ಣ ಬಳಿದ ಇಟ್ಟಿಗೆಯ ಒಂದು ಸುತ್ತು. ಅದರೊಳಗೆ ಆಳೆತ್ತರದ ಒಂದು ಕತ್ತಾಳೆ. ಬೂದಿ ಮೆತ್ತಿದಂಥ ಹಸಿರು ಎಲೆಗಳು, ಅಂಚಿಗೆ ಹಳದಿ ಪಟ್ಟಿ, ಪ್ರತಿ ಎಲೆಯ ತುದಿಗೂ ದಬ್ಬಳದಂಥ ಮುಳ್ಳು. ಆ ಕತ್ತಾಳೆಯ ಸುತ್ತ ಬಳೆ ತೊಡಿಸಿದಂತೆ ಉಳ್ಳಾಗಡ್ಡಿಯ ಹೂವಿನ ಸಾಲು. ಉದ್ದನೆಯ ಟೊಳ್ಳು ದಂಟುಗಳ ಮೇಲೆ ಬಿಳಿಯ ದುಂಡು ಚೆಂಡುಗಳು, ಅವುಗಳ ಮೇಲೆ ಆಗಲೇ ಜೇನುಹುಳಗಳ ಓಡಾಟ. ಆಚೆ ಈಚೆ ಗಡ್ಡೆಯ ಮಡಿಗಳು. ಮುಂಬಯಿಯಲ್ಲಿ ಗುಲಾಬಿ ತೋಟ ನೋಡಿದವರು ಬೇಕಾದಷ್ಟಿದ್ದಾರೆ. ಕತ್ತಾಳೆಗೂ ಉಳ್ಳಾಗಡ್ಡಿಗೂ ಹೀಗೆ ನೆಂಟಸ್ತನ ಬೆಳೆಸಿದ ತೋಟ ಇನ್ನೊಂದಿದ್ದರೆ ಚಂದ್ರವ್ವನಿಗೆ ಗೊತ್ತಿಲ್ಲ.

ಈ ನೆಂಟಸ್ತನ ಸುಲಭಕ್ಕೆ ಕೂಡಿ ಬಂದದ್ದಲ್ಲ. ಅದರ ಹಿಂದೆ ಒಂದು ಜಗಳವಿದೆ, ಆರೇಳು ತಿಂಗಳ ವನವಾಸವಿದೆ, ಕೊನೆಗೆ ಒಬ್ಬ ಹೋಟೆಲು ಮಾಲಕರು ಕೂರಲಾರದೆ ನಿಂತ ಕಥೆಯೂ ಇದೆ.

ಕತ್ತಾಳೆಯೊಂದಿಗೆ ಚಂದ್ರವ್ವನದು ಹಳೆಯ ಲೇವಾದೇವಿ. ಊರಲ್ಲಿ ಅವರ ಮನೆಯವರು ಕತ್ತಾಳೆಯ ನಾರಿನಿಂದ ಹಗ್ಗ ಹೊಸೆದು ಬದುಕಿದವರು. ಯಾರದೋ ಹೊಲದ ಬದುವಿನ ಎಲೆಗಳನ್ನು ಕಡಿದು ತರುವುದು, ಹೊಂಡದಲ್ಲಿ ಕೊಳೆ ಹಾಕುವುದು, ಕಲ್ಲಿನ ಮೇಲೆ ಬಡಿದು ನಾರು ಬಿಡಿಸುವುದು. "ಅದರ ರಸ ಮೈಗೆ ಹತ್ತಿದ್ರ ರಾತ್ರೆಲ್ಲಾ ತುರಸ್ತಿತ್ತು. ನಮ್ಮವ್ವ ನನ್ನ ಎರಡೂ ಕೈಗೆ ಎಣ್ಣಿ ಹಚ್ಚಿ ಅರಿವಿ ಸುತ್ತಿ ಮಲಗಸ್ತಿದ್ಲು." ಆ ಹುಡುಗಿಗೆ ಆಗ ಇದ್ದ ಖುಷಿ ಒಂದೇ. ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವಲ್ಲಿ, ತನ್ನದೆನ್ನುವ ಒಂದು ಸಣ್ಣ ಮಡಿ. ಅದರಲ್ಲಿ ಉಳ್ಳಾಗಡ್ಡಿ. ಕಿತ್ತು, ಗುದ್ದಿ, ರೊಟ್ಟಿಯ ಜೊತೆಗೆ ತಿನ್ನುವುದು.

ಮದುವೆಯಾಗಿ ಶೆಟ್ಟೆಪ್ಪನವರ ಹಿಂದೆ ಪರೇಲ್‌ಗೆ ಬಂದಾಗ ಅವರು ಮೊದಲು ಹುಡುಕಿದ್ದು ಮಣ್ಣು. ಶೆಟ್ಟೆಪ್ಪ ಮಿಲ್ಲಿನಲ್ಲಿ ಮಗ್ಗದ ಕೆಲಸಕ್ಕಿದ್ದರು. ಚಾಳಿನ ಖೋಲಿಯ ಮುಂದೆ ಗ್ಯಾಲರಿ, ಗ್ಯಾಲರಿಯ ಕೆಳಗೆ ಫರಸಿ ಕಲ್ಲಿನ ಹಾಸು, ಫರಸಿಯಾಚೆ ಮಿಲ್ಲಿನ ಗೋಡೆ. "ಉಗುಳಾಕ ಸೈತ ಮಣ್ಣಿಲ್ಲ ಅಂತ ನಾ ಅತ್ತೆ. ಇವರು ಮರುದಿನ ಮಿಲ್ಲಿನಿಂದ ಬರೋವಾಗ ಟೊಪಗಿ ತುಂಬ ಮಣ್ಣು ತಂದ್ರು," ಎಂದು ಚಂದ್ರವ್ವ ಗಂಡನ ಕಡೆ ನೋಡುತ್ತಾರೆ. ಇವತ್ತು ಭಾನುವಾರ, ಶೆಟ್ಟೆಪ್ಪನವರೂ ತೋಟಕ್ಕೆ ಬಂದಿದ್ದಾರೆ. ತಮಗೆ ಕೇಳಿಸಿಯೇ ಇಲ್ಲವೆಂಬಂತೆ ಅವರು ಬುಟ್ಟಿ ಕೊಡವುತ್ತಾರೆ.

ಕೆಲವು ವರ್ಷಗಳ ಮೇಲೆ ಶೆಟ್ಟೆಪ್ಪನವರ ಬಲಗೈಯ ಎರಡು ಬೆರಳು ಮಗ್ಗದಲ್ಲಿ ಹೋದವು. ಒಂದು ಇಡೀ ಮಳೆಗಾಲ ಅವರು ಖೋಲಿಯಲ್ಲೇ ಕೂತರು. ಆ ದಿನಗಳಲ್ಲಿ ಚಂದ್ರವ್ವನಿಗೆ ಕೆಲಸ ಸಿಕ್ಕಿದ್ದು ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ, ಪಾತ್ರೆ ತೊಳೆಯುವುದಕ್ಕೆ. ಅದರ ಮಾಲಕರೇ ಚೆನ್ನಯ ಸೇಠರು. ಶೆಟ್ಟೆಪ್ಪನವರನ್ನು ಮಿಲ್ಲಿನವರು ಗೇಟು ಕಾಯಲು ಮತ್ತೆ ತೆಗೆದುಕೊಂಡರೂ ಚಂದ್ರವ್ವ ಕೆಲಸ ಬಿಡಲಿಲ್ಲ. ಸೇಠರು ತಮ್ಮವರೊಂದಿಷ್ಟು ಮಂದಿಯನ್ನು ಕೂಡಿಸಿಕೊಂಡು ಸೊಸೈಟಿ ಮಾಡಿ ಈ ಬಿಲ್ಡಿಂಗು ಕಟ್ಟಿಸಿದಾಗ, ಕಾಂಪೌಂಡು ಗುಡಿಸಲು ಅವರನ್ನೇ ಕರೆದರು. ಗುಡಿಸುತ್ತ ಗುಡಿಸುತ್ತ ಚಂದ್ರವ್ವನ ಕಣ್ಣು ಮಣ್ಣಿನ ಮೇಲೆ ಬಿತ್ತು. ಹೋಟೆಲಿನಲ್ಲಿ ಮೊಳಕೆ ಬಂದು ಎಸೆಯುವ ಗಡ್ಡೆಗಳನ್ನು ಸೆರಗಿನಲ್ಲಿ ಕಟ್ಟಿ ತಂದು ಒಂದು ಮೂಲೆಯಲ್ಲಿ ಊರಿದರು.

ಮೊದಲ ಬೆಳೆ ಕೊಳೆತುಹೋಯಿತು. ಊರಿನ ಲೆಕ್ಕದಲ್ಲಿ ಮಳೆಗೆ ಮುಂಚೆ ಹಚ್ಚಿದ್ದರು. ಮುಂಬಯಿ ಮಳೆ ಊರಿನ ಮಳೆಯಲ್ಲ. "ಗಡ್ಡಿ ಅಲ್ಲರಿ, ಗಂಜಿ ಆಗಿತ್ತು," ಎನ್ನುತ್ತಾರೆ. ಮಾರ್ಕೆಟ್ಟಿನಲ್ಲಿ ಕೂರುತ್ತಿದ್ದ ಅಲಿಬಾಗಿನ ಮುದುಕಿಯೊಬ್ಬಳು ಅವರ ಗೋಳು ಕೇಳಿ ಬಾಯಿ ತುಂಬ ನಕ್ಕಳು. ತನ್ನ ಮುಂದೆ ಜಡೆ ಹೆಣೆದು ತೂಗಹಾಕಿದ್ದ ಬಿಳಿಯ ಗಡ್ಡೆಯೊಂದನ್ನು ಮುರಿದು ಇವರ ಬಾಯಿಗಿಟ್ಟಳು. ಚಂದ್ರವ್ವ ಅಗಿದರು. ಘಾಟಿಲ್ಲ, ಕಣ್ಣೀರಿಲ್ಲ. ನಾಲಗೆಯ ಮೇಲೆ ಬರೀ ಸಿಹಿ, ಎಳೆ ಜೋಳದ ದಂಟು ಅಗಿದ ಹಾಗೆ.

"ಮಳೆ ಹೋಗಲಿ, ದೀಪಾವಳಿ ಆಗಲಿ, ಆಮೇಲೆ ಹಚ್ಚು," ಎಂದು ಆ ಆಜಿ ಮರಾಠಿಯಲ್ಲಿ ಹೇಳಿ ಒಂದು ಚಿಟಿಕೆ ಕರಿ ಬೀಜ ಕೊಟ್ಟಳು. ಚಂದ್ರವ್ವನಿಗೆ ಆಗ ಮರಾಠಿ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಆಜಿಯ ಕೈಸನ್ನೆಯಲ್ಲಿ ತಿಳಿಯಿತು.

ಹೀಗೆ ಸಿಹಿ ಉಳ್ಳಾಗಡ್ಡಿ ಸಾಂತಾಕ್ರೂಜಿಗೆ ಬಂತು. ಅದನ್ನು ಮೊದಲು ಮೆಚ್ಚಿದವರು ಸೇಠರ ಹೆಂಡತಿ ರಾಜೀವಿಯಮ್ಮ. ಉಡುಪಿಯ ಕಡೆಯವರಾದ ಅವರಿಗೆ ಅದು ನೀರುಳ್ಳಿ. "ಹೆಚ್ಚಿದರೆ ಕಣ್ಣಲ್ಲಿ ಒಂದು ಹನಿ ಇಲ್ಲ ಮಾರಾಯ್ತಿ. ಉಪ್ಪು, ಲಿಂಬೆ ಹಿಂಡಿ ಹಾಗೆಯೇ ತಿನ್ನಬಹುದು," ಎಂದು ಮೂರೂ ಮಾಳಿಗೆಗೆ ಹಂಚಿದರು. ಬೀಜಕ್ಕೆಂದು ಚಂದ್ರವ್ವ ಉಳಿಸಿ ಮತ್ತೆ ಊರಿದ ಗಡ್ಡೆಗಳು ಚಳಿಯಲ್ಲಿ ಹೂ ಬಿಟ್ಟಾಗ, ಮೇಲಿನ ಮಾಳಿಗೆಯ ಗುಜರಾತಿ ಬೆನ್ ಎರಡು ದಂಟು ಕೇಳಿ ಒಯ್ದು ಹೂದಾನಿಯಲ್ಲಿಟ್ಟರು. ಬಂದ ನೆಂಟರಿಗೆ ಅದು ವಿಲಾಯತಿ ಹೂವೆಂದು ಹೇಳಿದರಂತೆ. ವಾಸನೆ ನೋಡಲು ಯಾರೂ ಬಗ್ಗಲಿಲ್ಲವಾಗಿ ಮಾತು ಉಳಿಯಿತು.

ಸೇಠರ ಪ್ರೀತಿ ಬೇರೆಯ ಕಡೆಗಿತ್ತು. ಖಂಡಾಲದ ಬಂಗಲೆಯೊಂದರ ಮುಂದೆ ಅವರು ಹಳದಿ ಅಂಚಿನ ಒಂದು ಗಿಡ ನೋಡಿ ಮನಸೋತಿದ್ದರು. ಊರಲ್ಲಿ ಅದನ್ನು ಭೂತಾಳೆ ಎನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಆದರೆ ನರ್ಸರಿಯವನು ಅಗೇವ್ ಎಂದದ್ದು ಕಿವಿಗೆ ಹೆಚ್ಚು ಹಿತವಾಗಿತ್ತು. ಒಂದು ಮರಿ ತಂದು ಬಿಲ್ಡಿಂಗಿನ ಮುಂದೆ, ಸುಣ್ಣದ ಇಟ್ಟಿಗೆಯ ಸುತ್ತಿನೊಳಗೆ, ತಾವೇ ನೆಟ್ಟರು. ಅದನ್ನು ಕಂಡು ಚಂದ್ರವ್ವನಿಗೆ ಆಶ್ಚರ್ಯವೋ ಆಶ್ಚರ್ಯ. "ಊರಾಗ ದನಾ ಒಳಗ ಬರಬಾರದಂತ ಇದನ್ನ ಹಚ್ತಿದ್ವಿ. ಇಲ್ಲಿ ಮಂದಿ ಬಂದು ನೋಡ್ಲಿ ಅಂತ ಹಚ್ಯಾರಲ್ಲ ಅಂತ ನಗಿ ಬಂತು." ಮುಂಬಯಿ ಮಳೆಗೆ ಇದು ಒಂದು ವರ್ಷವೂ ಬಾಳದೆಂದು ಅವರು ರಾಜೀವಿಯಮ್ಮನೆದುರು ಪಂತ ಕಟ್ಟಿದ್ದರು. ಕತ್ತಾಳೆ ಬಾಳಿತು. ಬಾಳಿದ್ದಷ್ಟೇ ಅಲ್ಲ, ಕಾಲು ಚಾಚಿ ಮರಿ ಹಾಕಿತು.

ಜಗಳಕ್ಕೆ ಕಾರಣವಾದದ್ದು ನೀರು. ಮೂರು ವರ್ಷದ ಹಿಂದಿನ ಬೇಸಗೆಯಲ್ಲಿ ಕಾಂಪೌಂಡಿನ ಬಾವಿ ತಳ ಕಂಡಿತು, ನಳದ ನೀರು ಕುಡಿಯಲಿಕ್ಕೇ ಸಾಲದಾಯಿತು. ಸೊಸೈಟಿಯ ಸಭೆ ಸೇರಿತು. ಚೆನ್ನಯ ಸೇಠರು ಎದ್ದು ನಿಂತು ತಮ್ಮ ಗಿಡದ ಗುಣಗಾನ ಮಾಡಿದರು. "ಅಗೇವ್ ನೀರು ಕೇಳುವುದಿಲ್ಲ. ಗೊಬ್ಬರ ಕೇಳುವುದಿಲ್ಲ. ಊರಿಗೆ ಹೋಗ್ತೇನೆ ಅಂತ ರಜೆ ಕೇಳುವುದಿಲ್ಲ. ಇಡೀ ತೋಟಕ್ಕೆ ಅದನ್ನೇ ಹಾಕುವ." ಎಲ್ಲರೂ ತಲೆಯಾಡಿಸಿದರು. ಆ ಮಾತಿನ ಬಾಲ ಎಲ್ಲಿಗೆ ಹೋಗುತ್ತದೆಂದು ತಿಳಿದದ್ದು ಸಭೆ ಮುಗಿದ ಮೇಲೆ. ರಜೆಯನ್ನೂ ಕೇಳದ ಗಿಡಕ್ಕೆ ಮಾಲಿ ಏಕೆ ಬೇಕು?

ಸುದ್ದಿಯನ್ನು ಸೇಠರೇ ಬಂದು ಹೇಳಿದರು, ಮುಖ ಬೇರೆ ಕಡೆ ಮಾಡಿಕೊಂಡು. "ಈ ಮರಿಗಳನ್ನು ಸಾಲಾಗಿ ನೆಟ್ಟುಬಿಡು, ಚಂದ್ರವ್ವ. ಆಮೇಲೆ… ಆಮೇಲೆ ತೋಟದ ಕೆಲಸ ಇರುವುದಿಲ್ಲ. ಕಸ ಗುಡಿಸಲಿಕ್ಕೆ ಬೇರೆ ಜನ ಬರ್ತಾರೆ, ಇಲ್ಲಿಯೇ ಹತ್ತಿರದವರು."

ಚಂದ್ರವ್ವ ಗುದ್ದಲಿ ತಂದರು. ಮಡಿಗಳನ್ನು ಒಡೆದು ನೆಲ ಸಮ ಮಾಡಿದರು. ಮರಿಗಳನ್ನು ಕಿತ್ತು ಒಂದೊಂದಾಗಿ ನೆಟ್ಟರು. ದಾರಿಯ ಪಕ್ಕದ ಗಿಡಗಳ ತುದಿ ಮುಳ್ಳನ್ನಾದರೂ ಕತ್ತರಿಸುತ್ತೇನೆ, ಮಕ್ಕಳು ಓಡಾಡುವ ಜಾಗ ಎಂದರು. ಸೇಠರು ಬಿಡಲಿಲ್ಲ, ಆ ಮೊನೆಯೇ ಅದರ ಚಂದ ಎಂದರು. "ನಾ ಸಿಟ್ಟಿಲೆ ಹಚ್ಚಲಿಲ್ರಿ," ಎಂದು ಚಂದ್ರವ್ವ ಇವತ್ತು ಹೇಳುತ್ತಾರೆ. "ಗಿಡದ್ದೇನ್ ತಪ್ಪು? ಬುಡಾ ಗಟ್ಟಿ ಮಾಡೇ ಹಚ್ಚಿದೆ. ಆದ್ರ ಗೇಟ್ ದಾಟಿದ ಮ್ಯಾಲ ತಿರುಗಿ ನೋಡಲಿಲ್ಲ. ನೋಡಿದ್ರ ಅಳು ಬರ್ತಿತ್ತು."

ಪರೇಲ್‌ನ ಗ್ಯಾಲರಿಯಲ್ಲಿ ಆ ವರ್ಷ ಎಣ್ಣೆ ಡಬ್ಬಿ, ಒಡಕು ಬಕೆಟ್ಟು, ತೂತು ಬಿದ್ದ ಗಮೇಲ ಎಲ್ಲದರಲ್ಲೂ ಮಣ್ಣು ತುಂಬಿತು. ಶೆಟ್ಟೆಪ್ಪ ಗೇಟಿನ ಕೆಲಸ ಮುಗಿಸಿ ಬರುವಾಗ ಚೀಲದಲ್ಲಿ ಮಣ್ಣು ತಂದರು, ಈ ಸಲ ಟೊಪಗಿ ಬಿಟ್ಟರು. ಚಂದ್ರವ್ವ ಹಗಲು ಒಂದೆರಡು ಮನೆಗಳ ಪಾತ್ರೆ ಬಟ್ಟೆ ಮಾಡುತ್ತಿದ್ದರು. ಸಂಜೆ ಡಬ್ಬಿಗಳ ಮುಂದೆ ಕೂರುತ್ತಿದ್ದರು. ದೀಪಾವಳಿ ಹತ್ತಿರ ಬಂದಂತೆ ಬೀಜ ಸೂಜಿಯ ದಾರದಂಥ ಮೊಳಕೆ ಬಿಟ್ಟಿತು.

ಅತ್ತ ಸಾಂತಾಕ್ರೂಜಿನ ತೋಟ ಮೊದಮೊದಲು ಚಂದವೇ ಇತ್ತೆಂದು ರಾಜೀವಿಯಮ್ಮ ಒಪ್ಪುತ್ತಾರೆ. ಮಳೆ ತೊಳೆದ ಎಲೆಗಳು, ಸೈನಿಕರಂತೆ ಸಾಲುಗಳು, ಒಂದು ಕಳೆ ಇಲ್ಲ. ಬಂದವರೆಲ್ಲ ಫೋಟೋದ ಹಾಗೆ ಉಂಟು ಎನ್ನುತ್ತಿದ್ದರು. "ಫೋಟೋದ ಹಾಗೆಯೇ ಆಯಿತು ನೋಡಿ. ಒಳಗೆ ಹೋಗಲಿಕ್ಕೆ ಆಗುವುದಿಲ್ಲ," ಎನ್ನುತ್ತಾರೆ ಅವರು. ಮಕ್ಕಳ ಚೆಂಡು ಒಂದರ ಮೇಲೊಂದು ಸತ್ತವು. ರಾಜೀವಿಯಮ್ಮನ ಹೊಸ ಸೀರೆಯ ಸೆರಗಿಗೆ ಮೂರು ಕಡೆ ಕಿಂಡಿ ಬಿತ್ತು. ಅಂಚೆಯವನು ತೋಟದ ಒಳದಾರಿ ಬಿಟ್ಟು ಸುತ್ತುಬಳಸಿ ಬರತೊಡಗಿದ. ಸಂಜೆ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದ ಹೆಂಗಸರು ತಮ್ಮ ತಮ್ಮ ಗ್ಯಾಲರಿಗೆ ಹಿಂತಿರುಗಿದರು.

ಆಮೇಲೆ ಬಂತು ದೀಪಾವಳಿ. ಸಂಜೆ ಸೇಠರು ಗೂಡುದೀಪ ಕಟ್ಟಿಸುತ್ತಿದ್ದರು. ಹೋಟೆಲಿನ ಆಳು ಮೇಲೆ ಗ್ಯಾಲರಿಯಲ್ಲಿ, ಸೇಠರು ಕೆಳಗೆ ತೋಟದಲ್ಲಿ. "ಸ್ವಲ್ಪ ಎಡಕ್ಕೆ. ಇಲ್ಲ, ಬಲಕ್ಕೆ. ಇನ್ನೂ ಸ್ವಲ್ಪ," ಎನ್ನುತ್ತ, ಸರಿಯಾಗಿ ಕಾಣಲೆಂದು ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೊಂದು ಹೆಜ್ಜೆ ಸರಿದರು. ಮುಂದಿನದನ್ನು ಇಡೀ ಬಿಲ್ಡಿಂಗು ನೋಡಿತು.

"ಕೂತರು," ಎನ್ನುವಷ್ಟರಲ್ಲಿ ರಾಜೀವಿಯಮ್ಮನಿಗೆ ನಗು ತಡೆಯುವುದಿಲ್ಲ. "ಅವರ ಪ್ರೀತಿಯ ಅಗೇವಿನ ಮೇಲೆಯೇ ಕೂತರು. ಪಾಪ, ಒಂದು ವಾರ ಹೋಟೆಲಿನ ಗಲ್ಲೆಯ ಮುಂದೆ ಕುರ್ಚಿ ಇದ್ದೂ ನಿಂತೇ ವ್ಯಾಪಾರ."

ಆ ವಾರವೇ ರಾಜೀವಿಯಮ್ಮ ಹಬ್ಬದ ತಿಂಡಿಯ ಡಬ್ಬಿ ಹಿಡಿದು ಪರೇಲ್‌ನ ಚಾಳಿನ ಮೆಟ್ಟಿಲೇರಿದರು. ಚಂದ್ರವ್ವ ಬಾಗಿಲಿಗೆ ಬಂದರು. ನೆಟ್ಟದ್ದರಲ್ಲಿ ಏನೋ ಕೆಟ್ಟಿರಬೇಕೆಂದುಕೊಂಡರು. ರಾಜೀವಿಯಮ್ಮ ಏದುಸಿರು ಬಿಡುತ್ತ ಗ್ಯಾಲರಿಯ ಡಬ್ಬಿಗಳನ್ನೇ ನೋಡುತ್ತ ನಿಂತರು.

"ಎಂತ ಚಂದ್ರವ್ವ, ಇಲ್ಲಿಯೂ ತೋಟ ಮಾಡಿದ್ದೀಯ?"

"ತೋಟ ಎಲ್ಲೀದು ಅಕ್ಕಾರ. ಡಬ್ಬಿ ಅದಾವ, ಅಷ್ಟ."

"ನೀನು ವಾಪಸು ಬಾ. ಬಾವಿಯಲ್ಲಿ ಈಗ ನೀರು ಉಂಟು. ನೀರುಳ್ಳಿ ಇಲ್ಲದೆ ನನಗೆ ಆ ತೋಟ ನೋಡಲಿಕ್ಕೆ ಆಗುವುದಿಲ್ಲ."

ಚಂದ್ರವ್ವ ಸೆರಗಿನ ತುದಿ ಮಡಚಿದರು. "ಸೇಠ್ರು ಕರದಾರೇನ್ರಿ?"

"ಅವರಿಗೆ ಕರೆಯಲಿಕ್ಕೆ ಬಾಯಿ ಬರುವುದಿಲ್ಲ. ಸದ್ಯಕ್ಕೆ ಕೂರಲಿಕ್ಕೂ ಬರುವುದಿಲ್ಲ," ಎಂದು ರಾಜೀವಿಯಮ್ಮ ನಡೆದದ್ದನ್ನೆಲ್ಲ ಹೇಳಿದರು. ಚಂದ್ರವ್ವ ನಗಲಿಲ್ಲ. ಅಂದರೆ, ಆಗ ನಗಲಿಲ್ಲ.

"ಬರತೀನ್ರಿ ಅಕ್ಕಾರ. ಬರಂಗಿಲ್ಲ ಅನ್ನೂದಿಲ್ಲ. ಆದ್ರ ಹೋಗು ಅಂದವರು ಬಾ ಅನ್ಬೇಕು."

ಶೆಟ್ಟೆಪ್ಪ ಗಾಬರಿಯಾದರು. ಮನೆಬಾಗಿಲಿಗೆ ಬಂದ ಕೆಲಸವನ್ನು ಹೀಗೆ ಹಿಂದಕ್ಕೆ ಕಳಿಸುವುದೇ? ಅವತ್ತು ಗಂಡ ಹೆಂಡತಿ ಸರಿಯಾಗಿ ಊಟ ಮಾಡಲಿಲ್ಲ. ಚಂದ್ರವ್ವನಿಗೂ ಒಳಗೊಳಗೆ ಅಳುಕಿತ್ತು, ತಾನು ಹೆಚ್ಚು ಮಾತಾಡಿದೆನೇ ಎಂದು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಚೆನ್ನಯ ಸೇಠರು ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ. ಖೋಲಿಯ ಬಾಗಿಲಲ್ಲೇ ನಿಂತರು. ಶೆಟ್ಟೆಪ್ಪ ಗಡಿಬಿಡಿಯಿಂದ ಚಾಪೆ ಹಾಸಿ, ಅದರ ಮೇಲೆ ಕಂಬಳಿ ಹಾಸಿ, "ಕುಂದರ್ರಿ ಸೇಠ್ರ," ಎಂದರು.

"ಬೇಡ, ನಿಂತೇ ಇರ್ತೇನೆ," ಎಂದರು ಸೇಠರು.

"ಹಂಗಂದ್ರ ಹೆಂಗ್ರಿ, ನಮ್ಮ ಮನಿಗೆ ಬಂದು ನಿಂತು ಹೋಗೂದು ಬ್ಯಾಡ್ರಿ," ಎಂದು ಶೆಟ್ಟೆಪ್ಪ ಪಟ್ಟು ಹಿಡಿದರು. ಚಂದ್ರವ್ವ ಚಹಾ ಮಾಡುವ ನೆಪದಲ್ಲಿ ಗೋಡೆಗೆ ಮುಖ ಮಾಡಿ ಸೆರಗನ್ನು ಬಾಯಿಗೆ ತುರುಕಿಕೊಂಡರು. ಸ್ಟೋವಿನ ಸದ್ದು ಜೋರಾಗಿತ್ತು, ಅದು ಅವರ ಪುಣ್ಯ.

ಸೇಠರು ನಿಂತೇ ಚಹಾ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು: "ಚಂದ್ರವ್ವ, ಭೂತಾಳೆಗೆ ಮಾಲಿ ಬೇಡ ಅಂತ ನಾನು ಹೇಳಿದ್ದು ಸುಳ್ಳಲ್ಲ. ಅದಕ್ಕೆ ಬೇಡ. ನಮಗೆ ಬೇಕು. ಬಾ."

ಆವತ್ತು ಅವರು ಅಗೇವ್ ಎನ್ನಲಿಲ್ಲವೆಂಬುದು ಚಂದ್ರವ್ವನಿಗೆ ಇನ್ನೂ ನೆನಪಿದೆ.

ಮರುದಿನವೇ ಅವರು ಗುದ್ದಲಿ ಹಿಡಿದರು. ಎಲ್ಲ ಕತ್ತಾಳೆಯನ್ನೂ ಕಿತ್ತು ಎಸೆಯುತ್ತಾರೆಂದು ಬಿಲ್ಡಿಂಗಿನವರು ಎಣಿಸಿದ್ದರು. ರಾಜೀವಿಯಮ್ಮನಂತೂ ಸುಡುವ ಜಾಗ ಕೂಡ ತೋರಿಸಿದ್ದರು. "ಯಾಕ ಸುಡಬೇಕ್ರಿ, ನಾನಽ ಹಚ್ಚಿದ್ದು," ಎಂದರು ಚಂದ್ರವ್ವ. ಕೈಗೆ ಗೋಣಿತಟ್ಟು ಸುತ್ತಿಕೊಂಡು ಗಂಡ ಹೆಂಡತಿ ಒಂದೊಂದನ್ನೇ ಬೇರುಸಹಿತ ಎತ್ತಿ ಹಿಂದಿನ ಗೋಡೆಯುದ್ದಕ್ಕೂ ನೆಟ್ಟರು. ಅಲ್ಲಿ ಗೋಡೆ ಬಿರಿದಿತ್ತು. ಅಲ್ಲಿಂದಲೇ ಪಕ್ಕದ ಗಾವಠಾಣದ, ಅಂದರೆ ಹಳೆಯ ಹಳ್ಳಿಯ, ಆಡುಗಳು ನುಗ್ಗುತ್ತಿದ್ದವು. ಆವತ್ತಿನಿಂದ ಒಂದು ಆಡೂ ಒಳಗೆ ಬಂದಿಲ್ಲ.

ನಡುವಿನ ದೊಡ್ಡ ಕತ್ತಾಳೆಯ ಬಗ್ಗೆ ಸೇಠರು ಬಾಯಿಬಿಟ್ಟು ಕೇಳಿಕೊಂಡರು, ಅದು ಅಲ್ಲೇ ಇರಲಿ ಎಂದು. ಚಂದ್ರವ್ವನಿಗೂ ಅದನ್ನು ಕದಲಿಸುವ ಮನಸ್ಸಿರಲಿಲ್ಲ. ಅದರ ಸುತ್ತ ಯಾರೂ ಹತ್ತಿರ ಹೋಗದಂತೆ ಏನಾದರೂ ಹಚ್ಚಬೇಕಿತ್ತು. ಪರೇಲ್‌ನ ಡಬ್ಬಿಗಳಲ್ಲಿ ಸಸಿ ತಯಾರಿದ್ದವು, ಬೀಜದ ಗಡ್ಡೆಗಳೂ ಇದ್ದವು. ಅವನ್ನೇ ತಂದು ಸುತ್ತ ಊರಿದರು. ಚಂದಕ್ಕೆಂದು ಮಾಡಿದ್ದಲ್ಲ. ಚಳಿ ಹಿಡಿದು ಹೂ ಎದ್ದಾಗ, ಆ ಬೂದು ಹಸಿರಿನ ಮುಂದೆ ಬಿಳಿಯ ಚೆಂಡುಗಳು ತೂಗಿದಾಗ, ಬಿಲ್ಡಿಂಗಿನವರೆಲ್ಲ ಗ್ಯಾಲರಿಗೆ ಬಂದು ನಿಂತರು. ಚಂದ್ರವ್ವ ಕೂಡ ಗುದ್ದಲಿ ಊರಿ ನಿಂತು ನೋಡಿದರು. ಎರಡರಲ್ಲಿ ಯಾವುದನ್ನೂ ಒಂಟಿಯಾಗಿ ನೋಡಿದಾಗ ಹಾಗೆ ಅನಿಸಿರಲಿಲ್ಲವೆಂದು ಅವರೇ ಹೇಳುತ್ತಾರೆ.

ಹಾಗಾದರೆ ತೋಟಕ್ಕೆ ಯಾವುದು ಮೇಲು, ಕತ್ತಾಳೆಯೋ ಉಳ್ಳಾಗಡ್ಡಿಯೋ? ಈ ಪ್ರಶ್ನೆ ಕೇಳಿದರೆ ಹಿಂದೆಲ್ಲ ಅವರಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಈಗ ಯೋಚಿಸುತ್ತಾರೆ.

"ಉಳ್ಳಾಗಡ್ಡಿ ದಿನಾ ಕರೀತದರಿ. ಇವತ್ತ ನೀರು, ನಾಳೆ ಕಳಿ, ನಾಡದ ಹುಳ. ಕೂಸು ಇದ್ದಂಗ. ಆದ್ರ ಮಾಡಿದ್ದಕ್ಕ ಬಾಯಿ ತುಂಬ ಕೊಡತದ, ವರ್ಷಕ್ಕೊಮ್ಮೆ ಹೂವೂ ತೋರಸ್ತದ. ಕತ್ತಾಳಿ ಯಾರನ್ನೂ ಕರಿಯಂಗಿಲ್ಲ. ಮನ್ಯಾಗ ಹಿರ್ಯಾರು ಸುಮ್ಮನ ಕುಂತಿರ್ತಾರಲ್ಲ, ಹಂಗ." ಕತ್ತಾಳೆಯ ಕಡೆ ನೋಡಿ ಒಂದು ಮಾತು ಸೇರಿಸುತ್ತಾರೆ: "ಬ್ಯಾಸಿಗ್ಯಾಗ ನನ್ನ ಮಡಿ ಬರೇ ಮಣ್ಣರಿ. ಆವಾಗ ಈ ತೋಟದ ಮಾರಿ ಉಳಸೋದು ಅದಽ. ಸುಳ್ಳ್ಯಾಕ ಹೇಳಲಿ."

ಅವರ ದಿನ ಕತ್ತಲಿರುವಾಗಲೇ ಶುರುವಾಗುತ್ತದೆ. ಖೋಲಿಯಲ್ಲಿ ರೊಟ್ಟಿ ಬಡಿದು, ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿಗೆ ನಡೆದು, ಲೋಕಲ್ ಹಿಡಿದು ಬರಬೇಕು. ಬಾವಿಯ ರಾಟೆಯಲ್ಲಿ ಕೊಡಗಟ್ಟಲೆ ನೀರು ಸೇದಬೇಕು. ಮೊಣಕಾಲು ಈಗೀಗ ಮಾತಾಡುತ್ತದೆ. ಏಪ್ರಿಲ್ ದಾಟಿದರೆ ಬಾವಿಯ ನೀರು ಸವಳಾಗುತ್ತದೆ. ಅಷ್ಟರೊಳಗೆ ಗಡ್ಡೆ ಕಿತ್ತಾಗಬೇಕು. ಒಂದು ವರ್ಷ ಅಕಾಲದಲ್ಲಿ ಮಳೆ ಬಂದು ಅರ್ಧ ಬೆಳೆ ಹೋಯಿತು. ಆವತ್ತು ಸೇಠರೇ ಕೊಡೆ ಹಿಡಿದು ಮಡಿಯ ಪಕ್ಕ ನಿಂತಿದ್ದರಂತೆ. ಆ ಒಂದು ಕೊಡೆಯಿಂದ ಎಷ್ಟು ಗಡ್ಡೆ ಉಳಿದಾವು? "ಆದ್ರ ನಿಂತ್ರಲ್ಲ," ಎನ್ನುತ್ತಾರೆ ಚಂದ್ರವ್ವ.

ಬಿಸಿಲೇರುವ ಹೊತ್ತಿಗೆ ಬಿಲ್ಡಿಂಗು ಕೆಳಗಿಳಿಯುತ್ತದೆ. ಗಡ್ಡೆ ಕೀಳುವ ದಿನ ಇಲ್ಲಿ ಹಬ್ಬವಿದ್ದಂತೆ. ಗುಜರಾತಿ ಬೆನ್ ಸೆರಗು ಸಿಕ್ಕಿಸಿಕೊಂಡು ಬಂದಿದ್ದಾರೆ. ಮಕ್ಕಳು ಮಡಿಗೊಬ್ಬರಂತೆ ಹಂಚಿಕೊಂಡಿದ್ದಾರೆ. "ಎಲಿ ಹಿಡದು ಜಗ್ಗಬ್ಯಾಡ್ರಿ, ಬುಡಕ್ಕ ಕೈ ಹಾಕ್ರಿ," ಎಂದು ಚಂದ್ರವ್ವ ಕನ್ನಡದಲ್ಲಿ ಹೇಳುತ್ತಾರೆ, ಅದನ್ನೇ ಹಿಂದಿಯಲ್ಲಿ ಹೇಳುತ್ತಾರೆ, ಮರಾಠಿಯಲ್ಲೂ ಹೇಳುತ್ತಾರೆ. ಮಕ್ಕಳು ಮೂರೂ ಭಾಷೆಯಲ್ಲಿ ಕೇಳಿ ಎಲೆ ಹಿಡಿದೇ ಜಗ್ಗುತ್ತಾರೆ. ರಾಜೀವಿಯಮ್ಮ ಮೆಟ್ಟಿಲ ಮೇಲೆ ಕೂತು ಅಲ್ಲೇ ಹೆಚ್ಚಿ, ಉಪ್ಪು ಲಿಂಬೆ ಸೇರಿಸಿ, ಬಂದವರ ಅಂಗೈಗೆ ಹಾಕುತ್ತಿದ್ದಾರೆ.

ಹೋದ ವಾರ ಕಿತ್ತ ಮೊದಲ ಮಡಿಯ ಗಡ್ಡೆಗಳು ಮೆಟ್ಟಿಲ ಕೆಳಗೆ ನೆರಳಲ್ಲಿ ಒಣಗಿವೆ. ಶೆಟ್ಟೆಪ್ಪ ಅವುಗಳ ಬಳಿ ಕೂತು ಜಡೆ ಹೆಣೆಯುತ್ತಿದ್ದಾರೆ. ಕಟ್ಟಲು ಬೇಕಾದ ಹುರಿ ಹಿಂದಿನ ಗೋಡೆಯ ಕತ್ತಾಳೆಯದೇ; ಮುದಿಯಾದ ಕೆಳಗಿನ ಎಲೆಗಳನ್ನು ಕಡಿದು, ಬಡಿದು, ಚಂದ್ರವ್ವ ತೆಗೆದ ನಾರು. ಅದನ್ನು ಹೊಸೆಯುವುದು ಶೆಟ್ಟೆಪ್ಪನವರ ಕೆಲಸ. ಉಳಿದ ಮೂರು ಬೆರಳಲ್ಲಿ ಹುರಿ ಎಷ್ಟು ಚುರುಕಾಗಿ ತಿರುಗುತ್ತದೆಂದರೆ ಮಕ್ಕಳು ಗಡ್ಡೆ ಬಿಟ್ಟು ಅದನ್ನು ನೋಡುತ್ತ ನಿಂತಿದ್ದಾರೆ. "ಮಗ್ಗಕ್ಕ ಬ್ಯಾಡಾದ ಕೈ ಇದಕ್ಕ ಸಾಕು," ಎನ್ನುತ್ತಾರೆ ಅವರು, ಇಡೀ ಬೆಳಗಿನಲ್ಲಿ ಆಡಿದ ಒಂದೇ ಮಾತು.

ಚೆನ್ನಯ ಸೇಠರು ಹೋಟೆಲಿನಿಂದ ಇಡ್ಲಿಯ ಡಬ್ಬ ತರಿಸಿದ್ದಾರೆ. ನಡುವಿನ ಕತ್ತಾಳೆಯನ್ನು ಸುತ್ತು ಹಾಕಿ, ತುಸು ದೂರದಿಂದಲೇ, ಒಂದು ಪ್ರಶ್ನೆ ಕೇಳುತ್ತಾರೆ. ಪ್ರತಿ ವರ್ಷ ಕೇಳುವ ಪ್ರಶ್ನೆಯಂತೆ ಅದು. "ಇದು ಹೂ ಬಿಡುವುದು ಯಾವಾಗ ಚಂದ್ರವ್ವ?"

"ಯಾಕ ಅವಸರ ಸೇಠ್ರ. ಕತ್ತಾಳಿ ಒಮ್ಮೆ ಹೂ ಬಿಟ್ಟು ಒಣಗಿ ಹೋಗಿಬಿಡತದ. ಇರಲಿ ಬಿಡ್ರಿ, ಕುಂದರಲಿ."

ಸೇಠರು ಇಡ್ಲಿಯ ಡಬ್ಬದ ಕಡೆ ನಡೆಯುತ್ತಾರೆ. ಅವರು ಆಚೆ ಹೋದ ಮೇಲೆ ಚಂದ್ರವ್ವ ದನಿ ತಗ್ಗಿಸಿ ತಮ್ಮ ಆಸೆ ಹೇಳುತ್ತಾರೆ. ಊರಲ್ಲಿ ಕತ್ತಾಳೆಯ ಹೂಗಂಬ ಎಷ್ಟೋ ಸಲ ಕಂಡಿದ್ದಾರೆ, ತೆಂಗಿನಷ್ಟೆತ್ತರ. ಮುಂಬಯಿಯಲ್ಲಿ ಒಮ್ಮೆಯೂ ಕಂಡಿಲ್ಲ. ಇದು ಹೂ ಬಿಡುವ ವರ್ಷ ತಾನು ಈ ತೋಟದಲ್ಲೇ ಇರಬೇಕು, ಮರಿಗಳನ್ನು ಆರಿಸಿ ಸೇಠರ ಕೈಗೆ ಕೊಡಬೇಕು. ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಮಡಿಗಳು ಖಾಲಿ. ಚಂದ್ರವ್ವ ಕೈಕಾಲು ತೊಳೆದು, ತಮ್ಮ ಪಾಲಿನ ಒಂದು ಜಡೆ ಉಳ್ಳಾಗಡ್ಡಿಯನ್ನು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೊರಡುತ್ತಾರೆ. ಶೆಟ್ಟೆಪ್ಪ ಗಂಡಸರ ಡಬ್ಬಿ ಹತ್ತುತ್ತಾರೆ, ಇವರು ಹೆಂಗಸರದ್ದು. ಭಾನುವಾರದ ಲೋಕಲ್, ಕೂರಲು ಜಾಗವಿದೆ. ಎದುರಿಗೆ ಕೂತ ಹೆಂಗಸು ಬಿಳಿಯ ಗಡ್ಡೆಗಳನ್ನೇ ನೋಡಿ ನೋಡಿ ಕೊನೆಗೆ ಮರಾಠಿಯಲ್ಲಿ ಕೇಳುತ್ತಾಳೆ, ಯಾವ ಮಾರ್ಕೆಟ್ಟಿನಿಂದ ತಂದಿರಿ ಬಾಯಿ?

ಚಂದ್ರವ್ವ ಜಡೆಯನ್ನು ಹೆಗಲಿನಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಮರಾಠಿ ಈಗ ಅವರಿಗೆ ಪೂರ್ತಿ ಬರುತ್ತದೆ.

"ತಂದದ್ದಲ್ಲ, ಬೆಳೆದದ್ದು," ಎನ್ನುತ್ತಾರೆ. "ಸಾಂತಾಕ್ರೂಜಿನಲ್ಲಿ ನನ್ನದೊಂದು ತೋಟ ಇದೆ."